ಗಾಲಿಯ ಮೇಲಿನ ಅಡಿಗೆಮನೆ, ಬಚ್ಚಲುಮನೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ನಮ್ಮ ವಾರ್ಷಿಕ ಸಂಚಿಕೆಗೆ ಲೇಖನಗಳು ಬೇಕೆಂದು ಪ್ರಕಟಣೆ ಹೊರಟಾಗ ನನ್ನ ಮಿತ್ರರೊಬ್ಬರು ವಚನ ಸಾಹಿತ್ಯವನ್ನೂ ಮತ್ತೊಬ್ಬರು ಪಂಚಾಯಿತಿ ರಾಜ್ಯವನ್ನೂ ಆರಿಸಿಕೊಂಡರು. ನಾನು ಬಚ್ಚಲನ್ನು ಆರಿಸಿಕೊಂಡೆನೆಂದರೆ ವಾಚಕರು ನಗಬಹುದು, ನಗಲಿ. ಕಳೆದ ಬೇಸಗೆಯ ರಜದ ಆರು ವಾರಗಳನ್ನು ನಾನು ಕಳೆದದ್ದು ಗ್ರಂಥಾಲಯದಲ್ಲಲ್ಲ, ಪೀಣ್ಯದ ಒಂದು ತಗಡಿನ ಷೆಡ್ಡಿನ ಮುಂದೆ ನಿಂತಿದ್ದ ಹಳೆಯ ಮೋಟಾರು ಗಾಡಿಯ ಹೊಟ್ಟೆಯೊಳಗೆ. ಅಲ್ಲಿ ಕಲಿತದ್ದನ್ನು ನಾಲ್ಕು ಜನಕ್ಕೆ ಉಪಯೋಗವಾಗುವಂತೆ ಬರೆಯುವುದಷ್ಟೇ ಈ ಲೇಖನದ ಉದ್ದೇಶ.

ಗಾಡಿ ನಮ್ಮ ಕೈಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ನನ್ನ ಚಿಕ್ಕಪ್ಪನವರು ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರರೊಬ್ಬರ ಬಳಿ ಚಾಲಕರಾಗಿದ್ದರು. ಆ ಮಹನೀಯರಲ್ಲಿ ಒಂದು ಕ್ಯಾಂಪರ್ ವ್ಯಾನು ಇತ್ತು. ಮಲಗುವ ಹಲಗೆ, ಒಲೆ, ನೀರಿನ ತೊಟ್ಟಿ, ಒಂದು ಪುಟ್ಟ ಬಚ್ಚಲು ಇವೆಲ್ಲವನ್ನೂ ಒಡಲಿನಲ್ಲಿಟ್ಟುಕೊಂಡು ಓಡುವ ವಾಹನವದು. ನಾನು ಅದನ್ನು ಮನೆಗಾಡಿ ಎಂದು ಕರೆಯುತ್ತೇನೆ. ಅವರು ವಿದೇಶಕ್ಕೆ ಹೊರಟು ನಿಂತಾಗ, ಎರಡು ಮಳೆಗಾಲ ಮರದಡಿಯಲ್ಲಿ ನಿಂತು ಒಳಗೆಲ್ಲ ಕೊಳೆತುಹೋಗಿದ್ದ ಆ ಗಾಡಿಯನ್ನು ಅಲ್ಪ ಬೆಲೆಗೆ ಚಿಕ್ಕಪ್ಪನವರಿಗೇ ಕೊಟ್ಟರು. ಎಂಜಿನ್ನು ಚೆನ್ನಾಗಿತ್ತು, ಅಡಿಗೆಯ ಭಾಗವೂ ಬಚ್ಚಲೂ ಮಾತ್ರ ಹೊಸದಾಗಿ ಕಟ್ಟಬೇಕಾಗಿತ್ತು. ಅಂಗಡಿಯವರಿಗೆ ವಹಿಸುವಷ್ಟು ಹಣ ನಮ್ಮಲ್ಲಿರಲಿಲ್ಲ. ನಮ್ಮ ತಂದೆಯವರು ಪೀಣ್ಯದ ಒಂದು ಷೆಡ್ಡಿನಲ್ಲಿ ಬೆಸುಗೆಯ ಕೆಲಸದವರು. ಅವರ ಕೈ, ಚಿಕ್ಕಪ್ಪನವರ ಗಾಡಿ, ನನ್ನ ರಜ, ಈ ಮೂರೂ ಸೇರಿ ಕೆಲಸ ಮೊದಲಾಯಿತು.

ಇಷ್ಟೊಂದು ಶ್ರಮ ಏಕೆ ಎಂದರೆ ಅದಕ್ಕೆ ಕಾರಣ ನಮ್ಮ ತಾಯಿ. ಅವರು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಶೌಚಾಲಯಗಳನ್ನು ತೊಳೆಯುವ ಕೆಲಸದಲ್ಲಿದ್ದಾರೆ. ಅವರಿಗೆ ಧರ್ಮಸ್ಥಳಕ್ಕೆ ಹೋಗಬೇಕೆಂಬ ಆಸೆ ಬಹಳ ವರ್ಷಗಳದ್ದು, ಆದರೆ ಬಸ್ಸು ಹತ್ತುವುದೆಂದರೆ ಅವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ದಾರಿಯಲ್ಲಿ ಹೆಂಗಸರು ಹೋಗುವಂಥ ಜಾಗ ಸಿಕ್ಕೀತೋ ಇಲ್ಲವೋ, ಸಿಕ್ಕರೂ ಹೇಗಿದ್ದೀತೋ ಎಂಬ ಭಯ. ದಿನವೆಲ್ಲ ಪರರ ಶೌಚಾಲಯವನ್ನು ಶುಚಿ ಮಾಡುವವರು ಪ್ರಯಾಣದಲ್ಲಿ ಬಾಯಾರಿ ಕೂರಬೇಕಾಗಿರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಇದು ನಮ್ಮ ತಾಯಿಯೊಬ್ಬರ ಕಥೆಯಲ್ಲವೆಂಬುದನ್ನು ಈ ಕಾಲೇಜಿಗೆ ದೂರದಿಂದ ಬಸ್ಸಿನಲ್ಲಿ ಬರುವ ಸೋದರಿಯರು ಬಲ್ಲರು.

ಗಾಡಿಯೊಳಗೆ ಸಂಸಾರ ಹೂಡುವುದು ನಮಗೆ ಹೊಸದೇನಲ್ಲ. ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಮಡಕೆ ಕುಡಿಕೆ ಸಮೇತ ಜಾತ್ರೆಗೆ ಹೋಗುತ್ತಿದ್ದುದನ್ನು ನನ್ನ ಅಜ್ಜಿ ಈಗಲೂ ವರ್ಣಿಸುತ್ತಾರೆ. ಲಾರಿಯ ಚಾಲಕರು ಪಕ್ಕದ ಪೆಟ್ಟಿಗೆಯಿಂದ ಸ್ಟೋವು ತೆಗೆದು ರಸ್ತೆಯ ಬದಿಯಲ್ಲಿ ಅನ್ನ ಬೇಯಿಸುವುದು ತುಮಕೂರು ರಸ್ತೆಯಲ್ಲಿ ದಿನನಿತ್ಯದ ನೋಟ. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಕೊಳವೆಬಾವಿ ಲಾರಿಗಳ ಕೆಲಸಗಾರರಂತೂ ಲಾರಿಯ ಆಸರೆಯಲ್ಲೇ ಉಂಡು ಮಲಗುತ್ತಾರೆ. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬಡವನು ಮಾಡಿದರೆ ಅಲೆಮಾರಿತನ, ಧನಿಕನು ಮಾಡಿದರೆ ಪ್ರವಾಸ. ಒಲೆ ಮಾತ್ರ ಎರಡಕ್ಕೂ ಒಂದೇ.

ಕಾಯಿದೆಯ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಯಾವ ವಾಹನವನ್ನಾದರೂ ತಂದು ಮನಬಂದಂತೆ ಮನೆಯಾಗಿಸಲು ಬರುವುದಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ಇದನ್ನು ನಿರ್ಬಂಧಿಸುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ನಮ್ಮ ಗಾಡಿ ನೋಂದಣಿ ಪುಸ್ತಕದಲ್ಲಿ ಮೊದಲಿನಿಂದಲೂ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನೆಂದೇ ದಾಖಲಾಗಿದ್ದಿತು. ಆದರೂ ಚಿಕ್ಕಪ್ಪನವರು ಮೊದಲು ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಚಾಸಿ, ಮಾಡು, ಬಾಗಿಲು, ಆಸನಗಳು ಇವುಗಳನ್ನು ನಾವು ಮುಟ್ಟಲಿಲ್ಲ. ಇದ್ದ ಒಲೆಯ ಜಾಗದಲ್ಲಿ ಒಲೆ, ಇದ್ದ ಬಚ್ಚಲಿನ ಜಾಗದಲ್ಲಿ ಬಚ್ಚಲು, ಇಷ್ಟೇ ನಮ್ಮ ಸೀಮೆ.

ಮೊದಲ ವಾರ ಬರಿಯ ಕೀಳುವ ಕೆಲಸ. ಕೀಳುವುದರಲ್ಲೇನು ವಿದ್ಯೆಯಿದೆ ಎಂದು ನಾನು ಭಾವಿಸಿದ್ದೆ. ತಂದೆಯವರು ಮಾತ್ರ ಪ್ರತಿ ಹಲಗೆಯನ್ನೂ ತಿರುಗಿಸಿ, ಎಲ್ಲಿ ಕಪ್ಪಾಗಿದೆ, ಎಲ್ಲಿ ಉಬ್ಬಿದೆ ಎಂದು ನೋಡುತ್ತಿದ್ದರು. ಹಳೆಯ ಕೊಳೆತವೇ ಹೊಸ ಕೆಲಸಕ್ಕೆ ನಕ್ಷೆ ಎಂಬುದು ಆಗ ತಿಳಿಯಿತು. ಮಾಡಿನಿಂದ ನೀರು ಸೋರಿದ್ದಲ್ಲ; ಬಚ್ಚಲಿನ ತಳ ಮತ್ತು ಗೋಡೆ ಕೂಡುವ ಸಂದಿಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುವ ಪದಾರ್ಥವನ್ನು ತುಂಬಿದ್ದರು. ಮನೆಯ ಗೋಡೆ ಅಲುಗುವುದಿಲ್ಲ, ಗಾಡಿಯ ಗೋಡೆ ಪ್ರತಿ ಹಂಪಿಗೂ ಅಲುಗುತ್ತದೆ. ಗಟ್ಟಿ ಪದಾರ್ಥ ಕೂದಲೆಳೆಯಷ್ಟು ಬಿರಿಯಿತು, ಆ ಬಿರುಕಿನಿಂದ ನೀರು ಪ್ಲೈವುಡ್ಡಿಗೆ ಇಳಿಯಿತು, ಪ್ಲೈವುಡ್ಡಿನಿಂದ ಕೆಳಗಿನ ಕಬ್ಬಿಣಕ್ಕೆ. ಮೇಲೆ ನೋಡಿದರೆ ಮಿರುಗುವ ಬಚ್ಚಲು. ಕೆಳಗೆ ಬೆರಳಿಟ್ಟರೆ ತುಕ್ಕು ಉದುರುತ್ತಿತ್ತು. ಅಡ್ಡಪಟ್ಟಿಗಳ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದು ಪೂರ್ತಿ ಒಣಗುವವರೆಗೆ ಎರಡು ದಿನ ಕಾದೆವು. ಬಿಸಿಲು ಮತ್ತು ಸದ್ದನ್ನು ತಡೆಯಲು ಗೋಡೆಯ ಹಿಂದೆ ರಬ್ಬರಿನಂಥ ಫೋಮ್ ಹಾಳೆಯನ್ನು ಅಂಟಿಸಿದೆವು. ನೀರು ಹೀರುವ ಯಾವುದನ್ನೂ ಆ ಜಾಗದಲ್ಲಿ ತುರುಕಬಾರದು.

ಮುಂದಿನ ಪ್ರಶ್ನೆ ಭಾರದ್ದು. ಚಿಕ್ಕಪ್ಪನವರಿಗೆ ಅಡಿಗೆಕಟ್ಟೆಗೆ ಕರಿಯ ಗ್ರಾನೈಟ್ ಹಾಕಿಸಬೇಕೆಂಬ ಹಂಬಲ. “ಅತ್ತಿಗೆ ಮನೇಲಿ ಇಲ್ದಿದ್ದು ಗಾಡೀಲಾದ್ರೂ ಇರ್ಲಿ ಬಿಡೋ” ಎಂದರು. ನಾನು ಲೆಕ್ಕ ಹಾಕಿದೆ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ. ಹತ್ತು ಚದರ ಅಡಿಯ ಕಟ್ಟೆಯೆಂದರೆ 50 ಕಿಲೋ. ಒಬ್ಬ ಪ್ರಯಾಣಿಕನನ್ನು ಕೆಳಗಿಳಿಸಿ ಕಲ್ಲನ್ನು ಹತ್ತಿಸಿಕೊಂಡಂತೆ. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ಡು ಮೂವತ್ತು ಕಿಲೋಗೂ ಮಿಕ್ಕಿರುತ್ತದೆ. ನೀರಂತೂ ಲೀಟರಿಗೆ ಒಂದು ಕಿಲೋ. ಆದುದರಿಂದ ಅಲ್ಯೂಮಿನಿಯಮ್ ಚೌಕಟ್ಟು ಮಾಡಿ, ಅದಕ್ಕೆ ತೆಳುವಾದ ಹಲಗೆ ಹೊದಿಸಿ, ಮೇಲ್ಮೈಗೆ ಸ್ಟೀಲಿನ ತಗಡು ಹಾಸಿದೆವು. ಅರವತ್ತು ಲೀಟರಿನ ನೀರಿನ ತೊಟ್ಟಿಯನ್ನು ನೆಲಮಟ್ಟದಲ್ಲಿ, ಎರಡು ಅಚ್ಚುಗಳ ನಡುವೆ ಕೂರಿಸಿದೆವು. ಒಲೆ, ಸಿಂಕು, ತೊಟ್ಟಿ ಎಲ್ಲವನ್ನೂ ಒಂದೇ ಪಕ್ಕಕ್ಕೆ ಇಟ್ಟರೆ ಗಾಡಿ ಆ ಕಡೆಗೆ ವಾಲುತ್ತದೆ. ಅರ್ಧ ತುಂಬಿದ ತೊಟ್ಟಿಯ ನೀರು ತಿರುವಿನಲ್ಲಿ ಒಮ್ಮೆಗೇ ಪಕ್ಕಕ್ಕೆ ನುಗ್ಗಿ ಗಾಡಿಯನ್ನು ಜಗ್ಗುವುದರಿಂದ ಒಳಗೆ ಅಡ್ಡಗೋಡೆಯುಳ್ಳ ತೊಟ್ಟಿಯೇ ಉತ್ತಮ. ಚಿಕ್ಕಪ್ಪನವರು ಗ್ರಾನೈಟನ್ನು ಮರೆಯಲಿಲ್ಲ; ಕಲ್ಲಿನ ಚಿತ್ರವುಳ್ಳ ಅಂಟುಹಾಳೆಯನ್ನು ತಂದು ಕಟ್ಟೆಯ ಅಂಚಿಗೆ ಅಂಟಿಸಿ ಸಮಾಧಾನಪಟ್ಟುಕೊಂಡರು.

ಸಾಮಾನು ಹುಡುಕುವುದೇ ಒಂದು ವಿದ್ಯಾಭ್ಯಾಸ. ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ, ಶಿವಾಜಿನಗರದ ಗುಜರಿ, ಇವುಗಳ ಓಣಿಗಳನ್ನು ತಂದೆಯವರೊಡನೆ ಸುತ್ತಿದಾಗ, ಬೆಲೆ ಕೇಳುವ ಮೊದಲು ವಸ್ತುವನ್ನು ಕಿವಿಯ ಬಳಿ ಅಲುಗಿಸಿ ನೋಡುವುದನ್ನು ಕಲಿತೆ.

ಇನ್ನು ಅನಿಲದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿರುವುದಿಲ್ಲ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊಗೆಯಂತೆ ಮೇಲೇರದೆ ನೀರಿನಂತೆ ಕೆಳಗಿಳಿದು ನೆಲದ ತಗ್ಗಿನಲ್ಲಿ ನಿಲ್ಲುತ್ತದೆ. ಕಿಟಕಿ ತೆರೆದಿದೆಯೆಂಬ ಧೈರ್ಯ ಇಲ್ಲಿ ಸಾಲದು. ಹಳೆಯ ಜೋಡಣೆಯಲ್ಲಿ ಸಿಲಿಂಡರು ಮಂಚದ ಕೆಳಗೆ, ಮುಚ್ಚಿದ ಪೆಟ್ಟಿಗೆಯಲ್ಲಿತ್ತು. ಮಲಗಿದವರ ಬೆನ್ನಿನ ಕೆಳಗೆ ಮೃತ್ಯುವನ್ನು ಕೂಡಿಟ್ಟಂತೆ. ನಾವು 5 ಕಿಲೋ ಸಿಲಿಂಡರಿಗೆ ಪ್ರತ್ಯೇಕ ಗೂಡು ಮಾಡಿದೆವು. ಅದರ ಬಾಗಿಲು ಗಾಡಿಯ ಹೊರಗಿನಿಂದ ಮಾತ್ರ ತೆರೆಯುತ್ತದೆ, ಒಳಮನೆಯ ಕಡೆಗೆ ಒಂದು ಸೂಜಿಯಷ್ಟೂ ಸಂದಿಲ್ಲ, ತಳದಲ್ಲಿ ಮಾತ್ರ ರಸ್ತೆಯ ಕಡೆಗೆ ತೆರೆದ ರಂಧ್ರ. ಆ ರಂಧ್ರ ಹೊಗೆಕೊಳವೆಯಿಂದ ದೂರವಿರಬೇಕು. ಸಿಲಿಂಡರು ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ದ್ರವರೂಪದ ಅನಿಲವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಕೊಳವೆ ಐ.ಎಸ್.ಐ. ಗುರುತಿನದಾಗಿರಬೇಕು, ಹಾದುಹೋಗುವ ಕಡೆ ತಗಡಿನ ಅಂಚು ಅದನ್ನು ಕೊಯ್ಯದಂತೆ ರಬ್ಬರಿನ ಬಳೆ ತೊಡಿಸಬೇಕು. ಸೋರಿಕೆಯನ್ನು ಪರೀಕ್ಷಿಸುವುದು ಸೋಪಿನ ನೊರೆಯಿಂದ, ಬೆಂಕಿಕಡ್ಡಿಯಿಂದಲ್ಲ. ಗಾಡಿ ಓಡುವಾಗ ಒಲೆ ಹಚ್ಚಕೂಡದು. ಹಚ್ಚಿದಾಗ ಕಿಟಕಿ ಮುಚ್ಚಕೂಡದು, ಏಕೆಂದರೆ ಇಕ್ಕಟ್ಟಾದ ಜಾಗದಲ್ಲಿ ಉರಿಯು ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡನ್ನು ಹುಟ್ಟಿಸಬಲ್ಲದು.

ವಿದ್ಯುತ್ತಿನ ಒಲೆ ಏಕಾಗಬಾರದೆಂದು ಕೇಳಬಹುದು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1200 ವಾಟ್-ಗಂಟೆ. ಸಾಧಾರಣ ಬ್ಯಾಟರಿಯಿಂದ ಅರ್ಧಕ್ಕಿಂತ ಹೆಚ್ಚು ಹೀರಿದರೆ ಅದು ಬೇಗ ಹಾಳಾಗುತ್ತದೆ. ಉಳಿದ 600ರಲ್ಲಿ 2000 ವಾಟ್ ಇಂಡಕ್ಷನ್ ಒಲೆ ಹದಿನೆಂಟು ನಿಮಿಷವೂ ಉರಿಯದು. ಅನ್ನವಾದರೆ ಸಾರಿಲ್ಲ.

ಪರದೇಶದ ಮನೆಗಾಡಿಗಳ ಚಿತ್ರಗಳಲ್ಲಿ ಕಾಣುವ ಅಡಿಗೆಮನೆ ಕಾಫಿ ಕಾಯಿಸಿ ಬ್ರೆಡ್ಡು ಸುಡುವವರಿಗೆ ತಕ್ಕದ್ದು. ರಾಗಿಮುದ್ದೆ ತಿರುವುವವರು ಪಾತ್ರೆಯನ್ನು ಅದುಮಿ ಹಿಡಿದು ಮೈಯ ಬಲವನ್ನೆಲ್ಲ ಕೋಲಿನ ಮೇಲೆ ಬಿಡುತ್ತಾರೆ. ಚಿತ್ರ ನೋಡಿ ನಾವು ಕೂರಿಸಿದ ಮೊದಲ ಒಲೆ, ನಮ್ಮ ತಾಯಿ ಮೊದಲ ಮುದ್ದೆ ತಿರುವಿದಾಗಲೇ ಸ್ಕ್ರೂ ಸಮೇತ ಮೇಲೆದ್ದಿತು! ಆಮೇಲೆ ತಂದೆಯವರು ಒಲೆಯನ್ನು ಚೌಕಟ್ಟಿಗೇ ಬೋಲ್ಟಿನಿಂದ ಬಿಗಿದು, ಅದಿರಿದರೂ ಸಡಿಲವಾಗದ ನೈಲಾಕ್ ನಟ್ಟು ಹಾಕಿ, ಪಾತ್ರೆಯ ಎರಡು ಕಿವಿಗಳನ್ನು ಹಿಡಿಯುವ ಕಬ್ಬಿಣದ ಕೊಕ್ಕೆಗಳನ್ನು ಬೆಸೆದರು. ಒಗ್ಗರಣೆಯ ಹೊಗೆಗೂ ಕುಕ್ಕರಿನ ಹಬೆಗೂ ಮೇಲೊಂದು ಫ್ಯಾನು ಅವಶ್ಯ. ಇಲ್ಲವಾದರೆ ರಾತ್ರಿ ಮಾಡಿನಿಂದ ಹಬೆಯ ಹನಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ.

ಬಚ್ಚಲಿಗೆ ಇದ್ದ ಜಾಗ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಸ್ನಾನಕ್ಕೂ ಶೌಚಕ್ಕೂ ಅದೇ. ನಾನು ಕಾಗದದ ಮೇಲೆ ನಕ್ಷೆ ಬರೆದು, ಮಡಿಸುವ ಕೈತೊಳೆ ತೊಟ್ಟಿ, ಮೂಲೆಯಲ್ಲಿ ಕಪಾಟು, ಗೋಡೆಗೆ ಬಣ್ಣದ ಟೈಲು ಎಂದೆಲ್ಲ ಜೋಡಿಸಿ, ಕೆಲಸ ಮುಗಿಸಿ ಬಂದ ತಾಯಿಯವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರಿಗೆ ಓದು ಬಾರದು. ಚಿತ್ರವನ್ನು ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಎಲ್ಲಾ ಚೆನ್ನಾಗೈತೆ ಕಣಪ್ಪಾ. ಇದನ್ನ ತೊಳೆಯೋರು ಯಾರು?”

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬೆರಳಿಟ್ಟು ತೋರಿಸುತ್ತ ಹೋದರು: ಈ ಕಪಾಟಿನ ಕೆಳಗೆ ಕೈ ಹೋಗುವುದಿಲ್ಲ, ಈ ಮೂಲೆಗೆ ಬ್ರಷ್ಷು ತಾಗುವುದಿಲ್ಲ, ಟೈಲಿನ ಸಂದಿಯಲ್ಲಿ ಕಪ್ಪು ಕೂತರೆ ಆಸಿಡ್ಡು ಸುರಿಯಬೇಕು, ಸುರಿದರೆ ಇಷ್ಟು ಚಿಕ್ಕ ಡಬ್ಬಿಯೊಳಗೆ ಉಸಿರು ಕಟ್ಟುತ್ತದೆ. ಮೂರು ವರ್ಷ ಕಾಲೇಜಿನಲ್ಲಿ ಕಲಿತವನ ನಕ್ಷೆ ಐದು ನಿಮಿಷದಲ್ಲಿ ಚೂರುಚೂರಾಯಿತು. ಆ ರಾತ್ರಿ ಹೊಸ ನಕ್ಷೆ ಬರೆದವನು ನಾನಾದರೂ ಬರೆಸಿದವರು ಅವರು.

ಅದರಂತೆ ಟೈಲನ್ನು ಬಿಟ್ಟೆವು. ಅಲುಗುವ ಗೋಡೆಯ ಮೇಲೆ ಅದು ಹೇಗೂ ಬಿರಿಯುತ್ತಿತ್ತು. ತಂದೆಯವರ ಪರಿಚಯದ ಷೆಡ್ಡಿನವರ ಸಹಾಯದಿಂದ ಗಾಜಿನ ನಾರು ಮತ್ತು ರೆಸಿನ್ನಿನ ಫೈಬರ್ ತಟ್ಟೆಯೊಂದನ್ನು ಎರಕ ಹೊಯ್ದೆವು. ತಳವೂ, ಗೋಡೆಯಾಗಿ ಮೇಲೆದ್ದ ನಾಲ್ಕು ಅಂಗುಲದ ಅಂಚೂ ಒಂದೇ ತುಂಡು. ಹಳೆಯದು ಸೋರಿದ ಸಂದಿಯೇ ಇಲ್ಲಿಲ್ಲ. ಮೂಲೆಗಳೆಲ್ಲ ಬಟ್ಟಲಿನಂತೆ ದುಂಡಗೆ. ರೆಸಿನ್ನಿನ ಆವಿ ತಲೆನೋವು ತರುವಂಥದು. ಬಯಲಿನಲ್ಲಿ, ಮುಖವಾಡ ಮತ್ತು ಕೈಚೀಲ ತೊಟ್ಟೇ ಮಾಡತಕ್ಕದ್ದು. ಮೇಲಿನ ಗೋಡೆಗಳ ಸಂದಿಗೆ ಒಣಗಿದ ಮೇಲೂ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರಿಥೇನ್ ಸೀಲಂಟು ಹಾಕಿದೆವು. ನೀರು ಹೋಗಲು ಒಂದಲ್ಲ, ಎದುರುಬದುರು ಮೂಲೆಗಳಲ್ಲಿ ಎರಡು ತೂತು. ಮನೆಯ ನೆಲಕ್ಕೆ ಒಂದೇ ಇಳಿಜಾರು ಸಾಕು. ಗಾಡಿ ನಿಂತ ಕಡೆ ರಸ್ತೆ ಎತ್ತ ವಾಲುವುದೋ ಯಾರು ಬಲ್ಲರು?

ಶೌಚದ ಪೀಠದ ಬಗೆಗೆ ಮನೆಯಲ್ಲಿ ಚರ್ಚೆಯೇ ನಡೆಯಿತು. ತಾಯಿಯವರಿಗೆ ನಮ್ಮ ದೇಶೀ ಪದ್ಧತಿಯೇ ಬೇಕಿತ್ತು. ಆದರೆ ಅದರ ತೊಟ್ಟಿಗೆ ನೆಲದ ಕೆಳಗೆ ಜಾಗ ಬೇಕು, ಅಲ್ಲಿ ಚಾಸಿ ಇದೆ. ಮಂಡಿ ನೋವಿನ ಅಜ್ಜಿಯ ಮತ ಕುರ್ಚಿಯಂಥ ಪೀಠದ ಪರವಾಗಿ ಬಿದ್ದುದರಿಂದ, ಕೆಳಗಿನ ತೊಟ್ಟಿಯನ್ನು ಕಳಚಿ ಹೊತ್ತೊಯ್ಯಬಹುದಾದ ಕ್ಯಾಸೆಟ್ ಪೀಠವನ್ನು ತಂದೆವು. ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ಕಾಗದ ಬಳಸುವವರ ತೊಟ್ಟಿಯಲ್ಲಿ ನಾವು ನೀರು ಬಳಸುತ್ತೇವೆ. ಒಂದು ಸಲಕ್ಕೆ ಎರಡು ಲೀಟರ್ ಹಿಡಿದರೂ 20 ಲೀಟರಿನ ತೊಟ್ಟಿ ಹತ್ತು ಸಲಕ್ಕೆ ತುಂಬಿತು. ಐದು ಜನರ ಕುಟುಂಬಕ್ಕೆ ಒಂದು ದಿನ. ತುಂಬಿದ ತೊಟ್ಟಿ 20 ಕಿಲೋಗಿಂತ ಹೆಚ್ಚು ತೂಗುವುದರಿಂದ ಅರ್ಧವಾದಾಗಲೇ ಖಾಲಿ ಮಾಡುವುದು ಲೇಸು. ಕೆಲವು ಕಡೆ ಇದಕ್ಕೆ ಫಾರ್ಮಾಲ್ಡಿಹೈಡ್ ಬೆರೆತ ದ್ರವ ಹಾಕುವುದುಂಟು. ಅದು ಶೌಚಗುಂಡಿಯಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆಯಾದ್ದರಿಂದ ನಾವು ಬಿಟ್ಟೆವು.

ಖಾಲಿ ಮಾಡುವವರು ಯಾರು, ಎಲ್ಲಿ? ತಾಯಿಯವರ ಪ್ರಶ್ನೆಯ ಉಳಿದರ್ಧವಿದು. ಮಲವನ್ನು ಕೈಯಿಂದ ಬಾಚುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು 2013ರ ಅಧಿನಿಯಮ ನಿಷೇಧಿಸಿದೆ. ಆದರೂ “ಯಾರನ್ನಾದರೂ ಕರೆದು ನೂರು ರೂಪಾಯಿ ಕೊಟ್ಟರಾಯಿತು” ಎಂಬ ಮಾತು ನಮ್ಮ ಷೆಡ್ಡಿನ ಮುಂದೆಯೂ ಕೇಳಿಬಂತು. ತಂದೆಯವರು ಒಡನೆಯೇ, ಗಾಡಿಯಲ್ಲಿ ಪ್ರಯಾಣ ಮಾಡುವ ಗಂಡಸರು ಸರದಿಯಂತೆ ಹೊತ್ತು, ಒಳಚರಂಡಿಗೆ ಸೇರುವ ಶೌಚಾಲಯದಲ್ಲಿ ಸುರಿದು, ತೊಳೆದು ತರಬೇಕೆಂದು ವಿಧಿಸಿದರು. ಮೊದಲ ಸರದಿ ನನ್ನದಾಯಿತು.

ಸ್ನಾನ ಮತ್ತು ಪಾತ್ರೆಯ ನೀರಿಗೆ ಬೇರೆ ತೊಟ್ಟಿ ಇದೆ. ಅದನ್ನು ರಸ್ತೆಗೆ ಬಿಟ್ಟರೆ ತಪ್ಪೇನು, ಬರಿಯ ಸೋಪಿನ ನೀರಲ್ಲವೇ ಎಂಬವರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ನೆನೆಯಬೇಕು. ನಗರದ ಕೊಚ್ಚೆಯೂ ಮಾರ್ಜಕವೂ ಸೇರಿ ನೊರೆಯೆದ್ದು ರಸ್ತೆಗೆ ಹಾರಿದ್ದನ್ನೂ, 2015 ಮತ್ತು 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡದ್ದನ್ನೂ ನಾವೆಲ್ಲ ಬಲ್ಲೆವು. ನಮ್ಮ ಪೀಣ್ಯದ ಕಡೆಯ ಕೊಳಕು ವೃಷಭಾವತಿಗೆ ಸೇರುತ್ತದೆ. ಅದಕ್ಕೆ ನಮ್ಮದೊಂದು ಬಕೆಟ್ಟು ಬೇಡ.

ಕೆಟ್ಟ ವಾಹನದೊಳಗೆ ಬಚ್ಚಲು ಕಟ್ಟಿದ ದೊಡ್ಡ ಉದಾಹರಣೆಯೊಂದು ನಮ್ಮ ನಗರದಲ್ಲೇ ಉಂಟು. 2020ರ ಆಗಸ್ಟ್ ತಿಂಗಳಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ಗುಜರಿಗೆ ಹೋಗಬೇಕಾಗಿದ್ದ ಬಸ್ಸೊಂದನ್ನು ಸುಮಾರು 12 ಲಕ್ಷ ರೂಪಾಯಿ ವೆಚ್ಚದಲ್ಲಿ ಮಹಿಳೆಯರ ಶೌಚಾಲಯವಾಗಿ ಪರಿವರ್ತಿಸಿ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಲ್ಲಿಸಿತು. ದೇಶೀ, ಪಾಶ್ಚಾತ್ಯ ಎರಡೂ ಬಗೆಯ ಪೀಠಗಳು, ಕೈತೊಳೆಯುವ ತೊಟ್ಟಿ, ಮಗುವಿಗೆ ಹಾಲೂಡಿಸುವ ಜಾಗ, ಸೌರ ದೀಪ ಇವೆಲ್ಲ ಅದರಲ್ಲಿದ್ದವು. ನಮ್ಮದು ಅದರ ಮುಂದೆ ಅಳಿಲು. ಆದರೆ ಅದು ನಿಂತಲ್ಲೇ ನಿಲ್ಲುವ ಬಸ್ಸು, ನಮ್ಮದು ಓಡಬೇಕಾದ ಗಾಡಿ. ಓಡುವುದರಿಂದಾಗುವ ತೊಂದರೆ ಏನೆಂಬುದು ಪರೀಕ್ಷಾರ್ಥವಾಗಿ ಶಿವಗಂಗೆಗೆ ಹೋದ ದಿನ ತಿಳಿಯಿತು.

ನೆಲಮಂಗಲ ದಾಟಿ ಒಂದು ಹಂಪು ಹಾರಿದೊಡನೆ, ಚಿಲಕವಿಲ್ಲದ ಡ್ರಾಯರು ತಾನಾಗಿ ತೆರೆದುಕೊಂಡು ಲೋಟ ತಟ್ಟೆಗಳೆಲ್ಲ ಉರುಳಿದವು. ದಾಬಸ್‌ಪೇಟೆಯ ಹೊತ್ತಿಗೆ ಬಚ್ಚಲಿನಿಂದ ದುರ್ವಾಸನೆ. ಮನೆಯ ಕೊಳಾಯಿಯಲ್ಲಿ ವಾಸನೆ ತಡೆಯುವುದು ಬಾಗಿದ ಕೊಳವೆಯಲ್ಲಿ ನಿಂತ ನೀರು. ಗಾಡಿಯ ಕುಲುಕಾಟಕ್ಕೆ ಆ ನೀರೇ ಚೆಲ್ಲಿಹೋಗಿತ್ತು. ಬೆಟ್ಟದ ಬುಡದಲ್ಲಿ ನಿಲ್ಲಿಸಿ ನೋಡಿದರೆ ಸಿಂಕಿನ ಕೆಳಗೆ, ನಾನೇ ಅಂಟು ಹಾಕಿ ಕೂಡಿಸಿದ್ದ ಗಟ್ಟಿ ಪಿ.ವಿ.ಸಿ. ಕೊಳವೆಯ ಕೀಲು ಸೀಳಿ, ರಾಗಿಹಿಟ್ಟಿನ ಚೀಲ ನೆನೆದು ಅಂಬಲಿಯಾಗಿತ್ತು. ತಂದೆಯವರು ಬೈಯಲಿಲ್ಲ, ಸೀಳಿದ ಕೀಲನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, “ಇಟ್ಕೋ” ಎಂದರು. ಅದು ಈಗಲೂ ನನ್ನ ಮೇಜಿನ ಮೇಲಿದೆ. ಹಿಂದಿರುಗಿ ಬಂದು ಬಾಗುವ ಕೊಳವೆಗೆ ಕ್ಲಿಪ್ಪು ಬಿಗಿದೆವು. ಡ್ರಾಯರುಗಳಿಗೆ ಒತ್ತಿದರೆ ಮಾತ್ರ ತೆರೆಯುವ ಚಿಲಕ ಹಾಕಿದೆವು. ಬಚ್ಚಲಿನ ತೂತುಗಳಿಗೆ ನೀರಿನ ಬದಲು ರಬ್ಬರಿನ ತುಟಿಯಿಂದ ಮುಚ್ಚಿಕೊಳ್ಳುವ ತಡೆ ಕೂರಿಸಿದೆವು. ಕೊಳವೆಯ ಪ್ರತಿ ಕೀಲಿನ ಮುಂದಿನ ಹಲಗೆಯನ್ನೂ ನಾಲ್ಕು ಸ್ಕ್ರೂ ಬಿಚ್ಚಿದರೆ ಕಳಚುವಂತೆ ಮಾಡಿದೆವು. ತೊಟ್ಟಿಯನ್ನು ಬ್ಲೀಚಿಂಗ್ ಪುಡಿಯ ತಿಳಿನೀರಿನಿಂದ ತೊಳೆದು, ಉಪಯೋಗವಿಲ್ಲದಾಗ ಪೂರ್ತಿ ಬಸಿದಿಡುವುದು ಚಿಕ್ಕಪ್ಪನವರ ಪಾಲಿನ ಕೆಲಸ.

ಕಾಲೇಜು ತೆರೆಯುವ ಹಿಂದಿನ ವಾರ ಧರ್ಮಸ್ಥಳಕ್ಕೆ ಹೊರಟೆವು. ಅಜ್ಜಿ, ತಾಯಿ, ಚಿಕ್ಕಮ್ಮ ಹಿಂದೆ, ನಾವು ಮುಂದೆ. ಕುಣಿಗಲ್ ದಾಟಿದರೂ ತಾಯಿಯವರು ಹಳೆಯ ಅಭ್ಯಾಸದಂತೆ ನೀರಿನ ಬಾಟಲಿಯನ್ನು ಮುಟ್ಟಿರಲಿಲ್ಲ. ಯಡಿಯೂರಿನಲ್ಲಿ ದರ್ಶನ ಮುಗಿಸಿ ಬಂದು, ಒಬ್ಬರೇ ಬಚ್ಚಲಿನ ಬಾಗಿಲು ತೆರೆದು, ಮೂಲೆಗಳನ್ನು ಕೈಯಿಂದ ಸವರಿ, ಚಿಲಕ ಹಾಕಿ ತೆಗೆದು ನೋಡಿದರು. ಬೆಳ್ಳೂರು ಕ್ರಾಸು ಹತ್ತಿರ ಬಂದಾಗ ಹಿಂದಿನಿಂದ ಅವರ ದನಿ ಕೇಳಿಸಿತು:

“ಆ ನೀರ್ ಬಾಟ್ಲಿ ಇತ್ತ ಕೊಡಪ್ಪಾ.”